ಹುಳ ಮುಟ್ಟೈತಿರಿ

ಹೈದರಾಬಾದಿನ ಸನತ್‌ನಗರದ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ದೀಪ ಹಚ್ಚಿದ ಮೇಲೆ 'ಹಾವು' ಎಂಬ ಮಾತನ್ನು ಬಾಯಿತುಂಬ ಹೇಳುವವಳು ಒಬ್ಬಳೇ, ಸುವರ್ಣಾ. ಉಳಿದವರು, ಕುಷ್ಟಗಿ ಕಡೆಯವರಾಗಲಿ, ಲಿಂಗಸುಗೂರಿನವರಾಗಲಿ, ತೆಲುಗಿನವರಾಗಲಿ, ಹೊತ್ತು ಮುಳುಗಿದ ಮೇಲೆ ಆ ಹೆಸರು ಎತ್ತುವುದಿಲ್ಲ. ಎತ್ತಿದರೆ ಮನೆಗೆ ಕರೆದಂತೆ ಅಂತ ಅವರ ಹೆದರಿಕೆ. ಕನ್ನಡದವರು 'ಹುಳ' ಅನ್ನುತ್ತಾರೆ, ತೆಲುಗಿನವರು 'ಪುರುಗು' ಅನ್ನುತ್ತಾರೆ. ಅದಕ್ಕೂ ಅರ್ಥ ಹುಳವೇ. ಕಡಿಸಿಕೊಂಡವರ ಎದುರಿಗಂತೂ ಹಗಲಾದರೂ ಹೆಸರು ಹಿಡಿಯಬಾರದು, ಹಿಡಿದರೆ ವಿಷ ಏರುತ್ತದಂತೆ. 'ಕಡಿಯಿತು' ಅಂತ ಕೂಡ ಅನ್ನುವುದಿಲ್ಲ. 'ಹುಳ ಮುಟ್ಟಿತು' ಅನ್ನುತ್ತಾರೆ, ಅಷ್ಟು ಹೇಳಿದರೆ ಕೇಳಿದವನು ಕೈಯಲ್ಲಿದ್ದದ್ದು ಬಿಟ್ಟು ಎದ್ದು ಓಡಿಬರುತ್ತಾನೆ.

ಸುವರ್ಣಾ ಮಾತ್ರ ಸಂಜೆಯಾದರೆ ಹೊಸ್ತಿಲಲ್ಲಿ ನಿಂತು, ಓಣಿಯಲ್ಲಿ ಆಡುವ ಹುಡುಗರನ್ನು ನೋಡಿ, ಮೂರು ಮನೆಗೆ ಕೇಳುವಂತೆ ಕೂಗುತ್ತಾಳೆ: "ಲೇ, ಗಟಾರದ ಕಡೆ ಹೋಗಬ್ಯಾಡ್ರಿ! ಹಾವು ಇರ್ತಾವ, ಹಾವು!" ಹೆಂಗಸರು "ಅಯ್ಯ ಶಿವನ!" ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಹಿಂದಿನಿಂದ ಅವಳಿಗೆ 'ಹಾವಿನ ಸುವರ್ಣಾ' ಅಂತ ಹೆಸರಿಟ್ಟಿದ್ದಾರೆ. ಇಟ್ಟವರ ಬಾಯಿಗೆ ಮಣ್ಣು ಬೀಳಲಿ. ಈ ಚಟ ಅವಳಿಗೆ ಯಾಕೆ ಹತ್ತಿತು ಎಂದು ಆ ಓಣಿಯಲ್ಲಿ ಗೊತ್ತಿಲ್ಲದವರಿಲ್ಲ.

ಅವಳ ಗಂಡ ಬಸವಲಿಂಗಪ್ಪ ಪಂಪಿನ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಂತು ಆಯುಷ್ಯ ಕಳೆದವನು. ಸುವರ್ಣಾ ಜೋಳದ ರೊಟ್ಟಿ ತಟ್ಟುತ್ತಾಳೆ. ಮೊದಲು ಮನೆಯಲ್ಲೇ ತಟ್ಟಿ ಕೊಡುತ್ತಿದ್ದಳು. ಆಮೇಲೆ ಅಡುಗೆ ಕಂತ್ರಾಟುದಾರ ಹಣಮಂತರಾಯ ಅವಳನ್ನು ದೊಡ್ಡ ದೊಡ್ಡ ಹೋಟೆಲಿಗೆ ಕರೆದೊಯ್ಯತೊಡಗಿದ. ಅಲ್ಲಿ ಇಳಕಲ್ಲ ಸೀರೆ ಉಟ್ಟು, ಹಂಚಿನ ಮುಂದೆ ಕೂತು, ಉಂಡು ಬೇಸರಾದವರ ಎದುರಿಗೆ ಪಟಪಟ ತಟ್ಟಬೇಕಿತ್ತು. ಅವರು ಮೊಬೈಲು ಎತ್ತಿ ಹಿಡಿದು ನೋಡುತ್ತಿದ್ದರು. ರೊಟ್ಟಿ ತಟ್ಟುವುದನ್ನು ನೋಡುವುದರಲ್ಲಿ ಏನು ಸುಖವೋ, ನೋಡಿದವರೇ ಹೇಳಬೇಕು.

ಇನ್ನು ಅವಳ ಮಗನ ಮಾತು. ಹದಿನೇಳು ವರ್ಷದ ಹಿಂದೆ, ಮಳೆಗಾಲದ ಒಂದು ಬೆಳಗು, ನೆಲದ ಮೇಲೆ ಮಲಗಿದ್ದ ಸಮರ್ಥ್ ಹೊಟ್ಟೆನೋವು ಅಂತ ಅಳುತ್ತ ಎದ್ದ. ಏಳು ವರ್ಷದ ಹುಡುಗ. ಅದೇ ಹೊತ್ತಿಗೆ ಅತ್ತೆ, ಕರಿ ಮೈಮೇಲೆ ಬಿಳಿ ಪಟ್ಟೆ ಇದ್ದದ್ದೊಂದು ಹಿತ್ತಿಲ ತಗಡಿನ ಕೆಳಗೆ ನುಸುಳಿಹೋದದ್ದನ್ನು ನೋಡಿದ್ದಳು. ಆ ಜಾತಿ ಕಡಿದರೆ ಉರಿ ಇಲ್ಲ, ಬಾವಿಲ್ಲ. ಕಣ್ಣರೆಪ್ಪೆ ಜೋಲುತ್ತವೆ, ಹೊಟ್ಟೆ ನೋಯುತ್ತದೆ, ಆಮೇಲೆ ಉಸಿರೇ ನಿಲ್ಲುತ್ತದೆ. ಬಸವಲಿಂಗಪ್ಪ ಮೊದಲ ಪಾಳಿಗೆ ಹೋಗಿದ್ದ. ಸುವರ್ಣಾ ಮಗನನ್ನು ಹೆಗಲಿಗೆ ಹಾಕಿಕೊಂಡು ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತು, "ಹೆಸರ ಹಿಡೀಬ್ಯಾಡ ನೋಡ, ಕೂಸು ಕೇಳ್ತೈತಿ" ಅಂದಳು.

ಓಣಿಯ ತುದಿಯಲ್ಲೇ ಒಬ್ಬ ತೆಲುಗು ಡಾಕ್ಟರು ಇದ್ದ. ಅವನಿಗೆ 'ಪುರುಗು' ಅಂದಿದ್ದರೆ ಸಾಕಿತ್ತು. ಆದರೆ ಗಾಬರಿಯಲ್ಲಿ ತನ್ನ ಬಾಯಿಗೆ ತೆಲುಗು ಬರಲಿಕ್ಕಿಲ್ಲ ಎಂದು ಸುವರ್ಣಾ ಆಟೋ ಹತ್ತಿ ಕೂಕಟ್‌ಪಲ್ಲಿಗೆ ಹೋದಳು. ಅಲ್ಲೊಂದು ಸಣ್ಣ ದವಾಖಾನೆಯಲ್ಲಿ ರಾಮಕೃಷ್ಣ ಅಂತ ಕನ್ನಡದ ಡಾಕ್ಟರು ಇದ್ದರು, ಮೈಸೂರು ಸೀಮೆಯವರು. ಹೇಳಿದ್ದು ತಿಳಿಯುತ್ತದೆ, ನಮ್ಮವರು ಎಂಬ ಒಂದೇ ಧೈರ್ಯಕ್ಕೆ ಅಷ್ಟು ದೂರ ಹೋದಳು.

ಡಾಕ್ಟರು ಫೋನಿನಲ್ಲಿದ್ದರು. ಯಾರದೋ ಮದುವೆಯ ಛತ್ರದ ಮಾತು ನಡೆದಿತ್ತು. ಸುವರ್ಣಾ ಮಗನನ್ನು ಮೇಜಿನ ಮೇಲೆ ಮಲಗಿಸಿ, "ಹುಳ ಮುಟ್ಟೈತಿರಿ ಸಾರ್" ಅಂದಳು. ಡಾಕ್ಟರು ಫೋನಿಗೆ ಕೈ ಅಡ್ಡ ಹಿಡಿದು, ಹುಡುಗನ ಕಾಲು ಎತ್ತಿ ನೋಡಿ, ಗಾಯ ಏನೂ ಕಾಣದೆ ಬಿಟ್ಟರು. ಅವಳು ಮತ್ತೆ ಅಂದಳು: "ಸಾರ್, ಹುಳ ಮುಟ್ಟೈತಿರಿ." ಆಗ ಅವರು ಅಂದದ್ದು ಒಂದೇ ಮಾತು.

"ಗೊತ್ತಾಯ್ತಮ್ಮ."

ಗೊತ್ತಾಯಿತು ಅಂದವರಿಗೆ ಮತ್ತೇನು ಬಿಡಿಸಿ ಹೇಳುವುದು? ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಕೆರೆತದ ಗುಳಿಗೆ ಬರೆದರು, ಮುಲಾಮು ಬರೆದರು, ಮಲಗಿಸಿದರೆ ಸರಿಹೋಗುತ್ತದೆ ಅಂದರು, ಫೋನಿಗೆ ಮರಳಿದರು. ಇಷ್ಟು ದೊಡ್ಡ ಡಾಕ್ಟರು, ಗೊತ್ತಾಯಿತು ಅಂದಿದ್ದಾರೆ, ಇದೇ ಔಷಧ ಇರಬೇಕು ಅಂದುಕೊಂಡು ಸುವರ್ಣಾ ಮಗನನ್ನು ಮನೆಗೆ ತಂದಳು. ಮಧ್ಯಾಹ್ನ ಸರಕಾರಿ ಆಸ್ಪತ್ರೆಗೆ ಒಯ್ಯುವಾಗ ಆಟೋದಲ್ಲಿ ಅವಳ ತೊಡೆಯ ಮೇಲೆ ಅವನ ಉಸಿರು ನಿಂತಿತು.

ಮರುವಾರ ಗಂಡ ಹೆಂಡತಿ ಇಬ್ಬರೂ ಆ ದವಾಖಾನೆಗೆ ಹೋಗಿ ಕೇಳಿದರು. ರಾಮಕೃಷ್ಣ ಡಾಕ್ಟರು ಕಾಯುತ್ತ ಕೂತ ರೋಗಿಗಳೆಲ್ಲರ ಎದುರಿಗೆ, "ಹಾವು ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತಮ್ಮ ನಿಂಗೆ? ಹುಳ ಅಂದ್ರೆ ನಾನೇನು ಕನಸು ಕಾಣ್ಲಾ? ನಿನ್ನ ಮೂಢನಂಬಿಕೆಗೆ ಮಗು ಬಲಿಯಾಯ್ತು" ಅಂದರು. ಜನ ಲೊಚಗುಟ್ಟಿದರು. ಮಗ ಸತ್ತ ದಿನ ಬಸವಲಿಂಗಪ್ಪ ಹೆಂಡತಿಗೆ ಏನೂ ಅಂದಿರಲಿಲ್ಲ. ದವಾಖಾನೆಯಿಂದ ಮರಳುವಾಗ ಬಸ್ಸಿನಲ್ಲಿ, "ಹಾವು ಅಂತ ಒಂದ ಮಾತು ಅಂದಿದ್ದರ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟ. ಆ ಅರ್ಧ ಮಾತು ಹದಿನಾರು ವರ್ಷ ಅವರಿಬ್ಬರ ನಡುವೆ ಹಾಗೇ ಉಳಿಯಿತು. ಹೆಸರು ಹಿಡಿಯಬೇಡ ಅಂತ ಹೇಳಿ ಕಳಿಸಿದ್ದ ಅತ್ತೆ, ಬಂದವರೆದುರು ಹೋದವರೆದುರು "ಸೊಸಿ ಬಾಯಿ ಬಿಡಲಿಲ್ಲ" ಅಂತ ಅಳುವಳು. ಆ ಮುದುಕಿಯ ನಾಲಗೆಗೆ ಮಾತ್ರ ಯಾವ ಕೇಡೂ ಬರಲಿಲ್ಲ.

ಸುವರ್ಣಾ ಆವತ್ತಿನಿಂದ 'ಹುಳ' ಎಂಬ ಶಬ್ದವನ್ನೇ ಬಿಟ್ಟಳು. ಅಕ್ಕಿಯಲ್ಲಿ ಹುಳ ಬಿದ್ದರೂ 'ಕೆಟ್ಟೈತಿ' ಅನ್ನುವಳು. ಸಂಜೆ ಮಾತ್ರ ಹಾವು ಹಾವು ಅಂತ ಕೂಗುವಳು. ಡಾಕ್ಟರ ಮೇಲೆ ಅವಳಿಗಿದ್ದ ಸಿಟ್ಟು ಸಾಮಾನ್ಯದ್ದಲ್ಲ. ರೊಟ್ಟಿ ತಟ್ಟುವಾಗ ಹಿಟ್ಟಿನ ಉಂಡೆಯಲ್ಲಿ ಅವರ ಮುಖ ನೆನೆದು ಬಡಿಯುವಳು. ಒಂದು ದಿನ ಎದುರು ಸಿಗಲಿ, ಹಿಟ್ಟಿನ ಕೈಯಲ್ಲೇ ಕೆನ್ನೆಗೆ ಬಾರಿಸುತ್ತೇನೆ, ಅಚ್ಚು ಎಲ್ಲರಿಗೂ ಕಾಣಬೇಕು ಎಂದು ಎಷ್ಟು ಸಲ ಮನಸ್ಸಿನಲ್ಲೇ ಬಾರಿಸಿದ್ದಳೋ. ಆದರೆ ಆ ಸಿಟ್ಟಿನ ಅಡಿಯಲ್ಲಿ ಒಂದು ಪ್ರಶ್ನೆ ಇತ್ತು, ಅದು ಅವಳನ್ನೇ ತಿನ್ನುತ್ತಿತ್ತು. ಅವರಿಗೆ ನಿಜವಾಗಿಯೂ ತಿಳಿಯಲಿಲ್ಲವೇನೋ. ಹಾಗಾದರೆ ಮಗನನ್ನು ಕೊಂದದ್ದು ತನ್ನ ನಾಲಗೆಯೇ?

ಈ ನಡುವೆ ರಾಮಕೃಷ್ಣ ಡಾಕ್ಟರು ದೊಡ್ಡವರಾದರು. ಸಣ್ಣ ದವಾಖಾನೆ ಹೋಗಿ ದೊಡ್ಡ ಆಸ್ಪತ್ರೆ ಬಂತು, ಟೀವಿಯಲ್ಲಿ ಮುಖ ಬಂತು. ಹಾವುಕಡಿತದ ವಿಷಯದಲ್ಲೇ ದೊಡ್ಡವರಾದರು ಅಂದರೆ ನಂಬುತ್ತೀರಾ? ಅವರು ಟೀವಿಯಲ್ಲಿ ಬಂದರೆ ಸುವರ್ಣಾ ಎದ್ದು ಹೋಗುತ್ತಿರಲಿಲ್ಲ. ಕೂತು ಕೊನೆಯತನಕ ನೋಡಿ ಶಾಪ ಹಾಕುತ್ತಿದ್ದಳು.

ಹೋದ ವರ್ಷ ಚಳಿಗಾಲದಲ್ಲಿ ಹಣಮಂತರಾಯ ಬಂದು, "ಸುವರ್ಣಕ್ಕ, ಕೂಕಟ್‌ಪಲ್ಲಿ ಆಚೆ ಹೋಟೆಲ್ನ್ಯಾಗ ಬಾಜೂ ದೇಶದ ಡಾಕ್ಟರಗಳು ಕೂಡ್ಯಾರ. ನೇಪಾಳ, ಬಾಂಗ್ಲಾ, ಲಂಕಾ, ಭೂತಾನ. ಹಾವಿನ ಔಷಧದ ಮೀಟಿಂಗ್ ಅಂತ. ಯಜಮಾನ ಕನ್ನಡದಾತ, ರಾಮಕೃಷ್ಣ ಅಂತ, ಜೋಳದ ರೊಟ್ಟಿ ಬೇಕ ಅಂದಾನ. ರೊಟ್ಟಿ ತಟ್ಟಾಕ ಶೋಭಾನ್ನ ಕಳಸ್ತೀನಿ, ನೀ ದಿಲ್‌ಸುಖ್‌ನಗರದ ಮದುವಿಗೆ ಹೋಗು" ಅಂದ.

"ಶೋಭಾ ಮದುವಿಗೆ ಹೋಗಲಿ. ಡಾಕ್ಟರಗಳ ಕಡೆ ನಾ ಹೋಗ್ತೀನಿ."

"ಅಲ್ಲಿ ಭಾಳ ತ್ರಾಸ ಐತೆವ್ವ. ಮಧ್ಯಾಹ್ನನೂ ತಟ್ಟಬೇಕು, ಸಂಜಿನೂ ತಟ್ಟಬೇಕು."

"ತಟ್ಟಾಕ ಹೋಗೋದರಿ ನಾ" ಅಂದಳು ಸುವರ್ಣಾ. ಅವಳ ಮುಖ ನೋಡಿ ಹಣಮಂತರಾಯ ಮದುವೆಗೆ ಶೋಭಾಳ ಹೆಸರು ಬರೆದುಕೊಂಡ.

ಹೋಟೆಲಿನ ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸು, ಅದರಲ್ಲಿ ರಾಮಕೃಷ್ಣ ಡಾಕ್ಟರು ಕೈಕಟ್ಟಿ ನಗುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ಹಲ್ಲು ಮಾತ್ರ ಅವೇ.

ಮಧ್ಯಾಹ್ನದ ಊಟಕ್ಕೆ ಹಂಚಿನ ಮುಂದೆ ಮೊದಲು ಬಂದು ನಿಂತವಳು ನೇಪಾಳದ ಡಾಕ್ಟರು, ಗುಂಡುಮುಖದ ಹೆಣ್ಣುಮಗಳು. ಅವಳಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಸುವರ್ಣಾಗೂ ಹೈದರಾಬಾದಿನ ಹಿಂದಿ ಬರುತ್ತದೆ. ರೊಟ್ಟಿ ಬೇಯುವತನಕ ಇಬ್ಬರೂ ಹಿಂದಿಯಲ್ಲೇ ಮಾತಿಗಿಳಿದರು. ಇಷ್ಟು ದೇಶದವರು ಯಾಕೆ ಕೂಡಿದ್ದೀರಿ ಎಂದು ಸುವರ್ಣಾ ಕೇಳಿದಳು.

"ರೋಗಕ್ಕೆ ಗಡಿ ಎಲ್ಲಿದೆ ಅಕ್ಕ?" ಅಂದಳು ಅವಳು. ಹಿಂದೆ ಸಿಡುಬು ಗಡಿ ದಾಟಿ ದಾಟಿ ಬರುತ್ತಿತ್ತಂತೆ. ಒಂದು ದೇಶ ಓಡಿಸಿದರೆ ಪಕ್ಕದ ದೇಶದಿಂದ ಮತ್ತೆ ಬರುತ್ತಿತ್ತು, ಎಲ್ಲರೂ ಕೂಡಿ ಬೆನ್ನು ಹತ್ತಿದ ಮೇಲೆಯೇ ಹೋಯಿತು. ಬಾಂಗ್ಲಾ ಯುದ್ಧದ ಕಾಲಕ್ಕೆ ನಿರಾಶ್ರಿತರ ಡೇರೆಗಳಲ್ಲಿ ವಾಂತಿಭೇದಿಗೆ ಜನ ಸಾಯುತ್ತಿದ್ದಾಗ ಉಪ್ಪು ಸಕ್ಕರೆಯ ನೀರು ಕುಡಿಸಿ ಉಳಿಸಿದರು. ಆ ನೀರು ಈಗ ಎಲ್ಲ ದೇಶದ ಅಡುಗೆಮನೆಯಲ್ಲೂ ಇದೆ. ಪೋಲಿಯೋ ಹನಿಯನ್ನು ಗಡಿಯ ಬಸ್ ನಿಲ್ದಾಣದಲ್ಲೇ ನಿಂತು ಹಾಕಿದರು. ಈಗ ಹಾವಿನ ಸರದಿ. ಔಷಧ ತಯಾರಾಗುವುದು ಇಲ್ಲಿ, ಹೋಗುವುದು ಅವರ ದೇಶಗಳಿಗೂ. ಆದರೆ ಅಲ್ಲಿನ ಎಲ್ಲ ಹಾವಿಗೂ ಇಲ್ಲಿನ ಔಷಧ ನಾಟುವುದಿಲ್ಲ. ತಮ್ಮ ತರಾಯಿ ಬಯಲಿನಲ್ಲಿ ಊರ ಹುಡುಗರೇ ಕಡಿಸಿಕೊಂಡವರನ್ನು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ತರುತ್ತಾರೆ, ಅದರಿಂದ ಎಷ್ಟೋ ಜೀವ ಉಳಿದಿವೆ ಎಂದು ಹೇಳುವಾಗ ಅವಳ ಮುಖ ಅರಳಿತು.

ಒಳ್ಳೆಯ ಹೆಣ್ಣುಮಗಳು, ಸುವರ್ಣಾಗೆ ಹಿಡಿಸಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ತುಸು ಹೆಚ್ಚೇ ಹಾಕಿದಳು. ಅಷ್ಟರಲ್ಲಿ ಅವಳು, "ನಿಮ್ಮ ರಾಮಕೃಷ್ಣ ಸಾಹೇಬರು ಬೆಳಿಗ್ಗೆ ಎಷ್ಟು ಚೆನ್ನಾಗಿ ಮಾತಾಡಿದರು ಗೊತ್ತಾ" ಅಂದಳು. "ಇದೇ ಊರಿನ ಒಬ್ಬ ತಾಯಿಯ ಕಥೆ ಹೇಳಿದರು. ಮಗುವಿಗೆ ಹಾವು ಕಡಿದರೆ ಕೀಡಾ ಅಂದಳಂತೆ, ಹುಳ. ಸಾಹೇಬರ ಊರಿನಲ್ಲಿ ಹಾಗೆ ಅನ್ನುವ ರೂಢಿ ಇಲ್ಲವಂತೆ. ಅವರಿಗೆ ಹೇಗೆ ತಿಳಿಯಬೇಕು, ಪಾಪ? ನಮ್ಮಲ್ಲೂ ಕೀರಾ ಅನ್ನುತ್ತೇವೆ. ಬಾಂಗ್ಲಾದವರು ಲತಾ ಅನ್ನುತ್ತಾರೆ, ಬಳ್ಳಿ. ಇನ್ನು ಮೇಲೆ ನಮ್ಮೆಲ್ಲ ದೇಶದ ಡಾಕ್ಟರುಗಳಿಗೂ ಈ ಮಾತುಗಳನ್ನು ಕಲಿಸಬೇಕು ಎಂದು ಸಾಹೇಬರೇ ಸೂಚಿಸಿದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದೆವು. ಕಠ್ಮಂಡುವಿನಲ್ಲೂ ಇದೇ ಕಥೆ ಹೇಳಿದ್ದರು, ಅಲ್ಲೂ ಜನ ಕಣ್ಣೀರು ಹಾಕಿದ್ದರು."

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಸುವರ್ಣಾ ಅದನ್ನು ತೆಗೆದು ಬಿಸಾಕಿ ಇನ್ನೊಂದು ಉಂಡೆ ತೆಗೆದುಕೊಂಡಳು. ಡಾಕ್ಟರುಗಳಿಗೆ ಕಲಿಸುವುದು ಒಳ್ಳೆಯದೇ, ಅದರಿಂದ ನಾಲ್ಕು ಮಕ್ಕಳು ಉಳಿದರೆ ಬೇಡ ಅನ್ನುವಷ್ಟು ಕೆಟ್ಟವಳಲ್ಲ ಅವಳು. ಆದರೆ ಅವಳ ಸಮರ್ಥನನ್ನು ಊರೂರಿಗೆ ಒಯ್ದು, ದೇಶ ದೇಶದಲ್ಲಿ ಸಾಯಿಸಿ, ಚಪ್ಪಾಳೆ ಗಿಟ್ಟಿಸುತ್ತಿದ್ದಾನಲ್ಲ ಈ ಮನುಷ್ಯ! ಎಲ್ಲ ಕಡೆಯೂ ಅವನು ಪಾಪದವನು, ಅವಳು ಬಾಯಿ ಬಿಡದ ಗೊಡ್ಡು ಹೆಂಗಸು. ಸಂಜೆ ಬಾರಿಸಿಯೇ ತೀರುವುದು ಎಂದು ಉಂಡೆಯನ್ನು ಬಡಿದಳು.

ಸಂಜೆಯ ಊಟ ಹುಲ್ಲುಹಾಸಿನ ಮೇಲೆ ಇತ್ತು. ದೀಪ ಆಗಷ್ಟೇ ಹತ್ತಿದ್ದವು. ಹಂಚಿನ ಹತ್ತಿರ ರೇಷ್ಮೆ ಸೀರೆಯ ಹಿರಿಯ ಹೆಂಗಸೊಬ್ಬರು ಬಂದು, "ನೀವು ಕನ್ನಡದವರಾ? ಎಷ್ಟು ತೆಳ್ಳಗೆ ತಟ್ತೀರಮ್ಮ! ನಾನು ಸುಭದ್ರಾ ಅಂತ, ಡಾಕ್ಟರ ಮನೆಯವಳು" ಅಂದರು. ರಾಮಕೃಷ್ಣ ಡಾಕ್ಟರ ಹೆಂಡತಿ. ನಗುಮುಖ, ಮಾತಿನಲ್ಲಿ ಬಿಂಕ ಇಲ್ಲ. ಸುವರ್ಣಾ ಹಿಟ್ಟಿನ ಕೈ ತೊಳೆದ ನೀರನ್ನು ಚೆಲ್ಲಲು ಬೇಲಿಯ ಕಡೆ ಹೊರಟಳು.

"ಅಯ್ಯೋ, ಆ ಕಡೆ ಹೋಗ್ಬೇಡಿ ಕಣಮ್ಮ" ಅಂದರು ಸುಭದ್ರಾ. "ಹೊತ್ತು ಮುಳುಗಿದೆ. ಹುಳ ಇರತ್ತೆ."

ಸುವರ್ಣಾ ತಿರುಗಿ ನಿಂತಳು. "ಹುಳ ಅಂದ್ರ ಎಂಥಾ ಹುಳರಿ ಅಮ್ಮಾರ?"

ಸುಭದ್ರಾ ದನಿ ತಗ್ಗಿಸಿ, ಅಂಗೈಯನ್ನು ಹೆಡೆಯ ಹಾಗೆ ಎತ್ತಿ ತೋರಿಸಿದರು. "ಅದೇಮ್ಮ... ಈ ಹೊತ್ತಲ್ಲಿ ಹೆಸರು ಹೇಳಬಾರದು. ಇವರದು ಹುಣಸೂರು ಕಡೆ ಹಳ್ಳಿ. ಚಿಕ್ಕವರಿದ್ದಾಗ ಒಂದ್ಸಲ ಸಂಜೆ ಹೊತ್ತಲ್ಲಿ ಬಾಯಿಬಿಟ್ಟು ಹೆಸರು ಹೇಳಿದ್ದಕ್ಕೆ ನಮ್ಮತ್ತೆ ತುಟಿ ಮೇಲೆ ಬಾರಿಸಿದ್ರಂತೆ. ಎಷ್ಟೇ ಓದಿದ್ರೂ ಇವತ್ತಿಗೂ ಮನೇಲಿ ಹುಳ ಅಂತಲೇ ಅನ್ನೋದು ಇವರು" ಎಂದು ನಕ್ಕರು.

ಸುವರ್ಣಾ ಕೈಯಲ್ಲಿದ್ದ ಬೋಗುಣಿಯನ್ನು ನೆಲಕ್ಕಿಟ್ಟಳು. ಗೊತ್ತಿತ್ತು. ಆ ಮನುಷ್ಯನಿಗೆ ಆ ಮಾತು ತಾಯಿಯ ಕೈಯೇಟಿನ ಜೊತೆಗೇ ಗೊತ್ತಿತ್ತು. ಅವಳು ಹೇಳಿದ್ದಳು, ಸರಿಯಾಗಿಯೇ ಹೇಳಿದ್ದಳು, ತಿಳಿಯುವವನಿಗೇ ಹೇಳಿದ್ದಳು. ಆವತ್ತು ಅವನ ಕಿವಿ ಅವಳ ಕಡೆ ಇರಲಿಲ್ಲ, ಛತ್ರದ ಕಡೆ ಇತ್ತು, ಅಷ್ಟೇ. ಅದನ್ನು ಮುಚ್ಚಿಕೊಳ್ಳಲು ಅವಳ ನಾಲಗೆಯ ಮೇಲೆ ಮಗನ ಹೆಣ ಹೊರಿಸಿದ. ಅವಳಿಗೆ ಅಳು ಬಂತು, ನಗು ಬಂತು. ಕೆನ್ನೆಗೆ ಬಾರಿಸುವ ಯೋಚನೆ ಆಗಲೇ ಸಣ್ಣದಾಗಿ ಕಂಡಿತು. ಬಾರಿಸಿದರೆ ಅವಳು ಹುಚ್ಚಿ, ಅವನು ಮತ್ತೆ ಪಾಪದವನು. ಅದಕ್ಕಿಂತ ಒಳ್ಳೆಯದು ಅವಳ ಬಾಯಲ್ಲೇ ಇತ್ತು.

ತಾಟಿನಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಇಟ್ಟುಕೊಂಡು ತಾನೇ ಡಾಕ್ಟರ ಮೇಜಿಗೆ ಹೋದಳು. ನೇಪಾಳದವಳು, ಬಾಂಗ್ಲಾದವನು, ಲಂಕೆಯವರು ಎಲ್ಲ ಸುತ್ತ ಕೂತಿದ್ದರು. ಸುಭದ್ರಾ ಕೂಡ ಬಂದು ಗಂಡನ ಪಕ್ಕ ಕೂತರು. ಡಾಕ್ಟರು ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಸುವರ್ಣಾ ಅವರ ಮುಂದೆ ತಾಟು ಇಟ್ಟು, ಬಗ್ಗಿ, ಹದಿನಾರು ವರ್ಷ ಬಾಯಿಗೆ ತರದಿದ್ದ ಮಾತನ್ನು ಮೆಲ್ಲಗೆ ಅಂದಳು:

"ಸಾರ್, ನಿಮ್ಮ ಕಾಲಾಗ ಹುಳ ಐತಿರಿ."

ರಾಮಕೃಷ್ಣ ಡಾಕ್ಟರು ಒಂದೇ ನೆಗೆತಕ್ಕೆ ಕುರ್ಚಿಯ ಮೇಲಿದ್ದರು! ತಾಟು ಹಾರಿ ಹಿಂಡಿಯೆಲ್ಲ ಅಂಗಿಯ ಮೇಲೆ ಬಿತ್ತು. "ಎಲ್ಲಿ? ಎಲ್ಲಿ?" ಎಂದು ಕೂಗುತ್ತ, ಸೂಟು ಬೂಟಿನಲ್ಲಿ ಒಂದೊಂದೇ ಕಾಲು ಎತ್ತಿ ಕುಣಿದರು. ಪರದೇಶದವರೆಲ್ಲ ಗಾಬರಿಯಿಂದ ಎದ್ದರು. ಹೋಟೆಲಿನವರು ಕೋಲು ಹುಡುಕಲು ಓಡಿದರು.

ಸುವರ್ಣಾ ನಿಂತಲ್ಲಿಂದ ಕದಲಲಿಲ್ಲ. "ಇಲ್ಲರಿ, ಏನೂ ಇಲ್ಲ" ಅಂದಳು. "ಹುಳ ಅಂದ್ರ ನಿಮಗ ತಿಳೀತೈತೋ ಇಲ್ಲೋ ನೋಡಿದ್ನಿ."

"ಏನಮ್ಮ ಇದು? ತಮಾಷೆನಾ? ಯಾರು ನೀನು?"

"ಸಮರ್ಥನ ಅವ್ವರಿ ನಾ. ದೇಶದ ತುಂಬ ಕಥಿ ಮಾಡಿ ಹೇಳಾಕತ್ತೀರಲ್ಲ, ಆಕಿನ ನಾ. ನಿಮ್ಮ ದವಾಖಾನ್ಯಾಗ ಇದ ಮಾತು ಹೇಳಿದ್ನಿ, ಎರಡ ಸಲ ಹೇಳಿದ್ನಿ. ಗೊತ್ತಾಯ್ತಮ್ಮ ಅಂದ್ರಿ. ಅವತ್ತ ನೀವು ಕುರ್ಚಿ ಬಿಟ್ಟು ಏಳಲಿಲ್ಲ."

ನೇಪಾಳದವಳು ಮೇಜಿನ ಸುತ್ತ ನೋಡಿ, ಈಕೆ ಏನು ಹೇಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಡಾಕ್ಟರು ಕೈ ಬೀಸಿ ಏನೋ ಹೇಳಿ ಹಾರಿಸಲು ನೋಡಿದರು. ಸುಭದ್ರಾ ಗಂಡನನ್ನೇ ನೋಡುತ್ತಿದ್ದರು.

"ನೀವು ಸುಮ್ಮನಿರಿ. ನಾನು ಹೇಳ್ತೀನಿ" ಅಂದರು.

ಹೇಳಿದರು, ಇಂಗ್ಲಿಷಿನಲ್ಲಿ, ಒಂದು ಮಾತೂ ಬಿಡದೆ. ಅತ್ತೆ ತುಟಿಯ ಮೇಲೆ ಬಾರಿಸಿದ್ದನ್ನೂ ಹೇಳಿದರಂತೆ. ಆಮೇಲೆ ನೇಪಾಳದವಳೇ ಹಂಚಿನ ಹತ್ತಿರ ಬಂದು, ಸುವರ್ಣಾಳ ಹಿಟ್ಟಿನ ಕೈ ಹಿಡಿದುಕೊಂಡು, ಹಿಂದಿಯಲ್ಲಿ ಎಲ್ಲ ತಿಳಿಸಿದಳು. ಆದರೆ ಸುಭದ್ರಾ ಹೇಳುವಾಗಲೇ ಸುವರ್ಣಾಗೆ ಇಂಗ್ಲಿಷು ಬೇಕಾಗಲಿಲ್ಲ, ಕೂತವರ ಮುಖಗಳೇ ಸಾಕಾಗಿದ್ದವು. ಡಾಕ್ಟರು ಇನ್ನೂ ಕುರ್ಚಿಯ ಮೇಲೇ ನಿಂತಿದ್ದರು. ಇಳಿಯಲು ಕೈ ಚಾಚಿದರು, ಹಿಡಿಯಲು ಒಬ್ಬರೂ ಮುಂದೆ ಬರಲಿಲ್ಲ. ಸುವರ್ಣಾ ಅದನ್ನು ಕಣ್ತುಂಬ ನೋಡಿದಳು. ಅವಳಿಗೆ ಕನಿಕರ ಬಂತೆಂದು ನಾನು ಬರೆಯಲಾರೆ. ಬರಲಿಲ್ಲ.

ಹಣಮಂತರಾಯ ತಲೆ ಚಚ್ಚಿಕೊಂಡು, ಇನ್ನು ಮೇಲೆ ನಿನ್ನ ಮುಖ ತೋರಿಸಬೇಡ ಅಂದ. ಆಗಲಿರಿ ಅಂದು ಅವಳು ಮೆಟ್ರೋ ಹತ್ತಿ ಮನೆಗೆ ಬಂದಾಗ ಬಸವಲಿಂಗಪ್ಪ ಊಟಕ್ಕೆ ಕಾಯುತ್ತ ಹೊಸ್ತಿಲಲ್ಲಿ ಕೂತಿದ್ದ. ಅತ್ತೆ ಒಳಗೆ ಮಂಚದ ಮೇಲಿದ್ದಳು. ಸುವರ್ಣಾ ಚಪ್ಪಲಿ ಕೂಡ ಬಿಡದೆ ನಡೆದದ್ದನ್ನೆಲ್ಲ ಹೇಳಿದಳು.

ಬಸವಲಿಂಗಪ್ಪ ಹೊಸ್ತಿಲಲ್ಲಿ ಸರಿದು ಅವಳಿಗೆ ಜಾಗ ಮಾಡಿದ.

"ಈಗ ಹೇಳ್ರಿ" ಅಂದಳು ಅವಳು. "ನಾ ಹೇಳಿದ್ನೋ ಇಲ್ಲೋ?"

"ಹೇಳಿದ್ದಿ."

"ನನಗ ಬ್ಯಾಡ. ಓಣಿಗೆ ಹೇಳ್ರಿ. ಒಳಗ ನಿಮ್ಮ ಅವ್ವಗೂ ಕೇಳಲಿ."

ಎತ್ತರದ ದನಿಯಲ್ಲಿ ಮಾತಾಡಿ ಗೊತ್ತಿಲ್ಲದ ಮನುಷ್ಯ ಬಸವಲಿಂಗಪ್ಪ. ಹೆಂಡತಿಯ ಮುಖ ನೋಡಿದ. ಬಾಗಿಲ ಚೌಕಟ್ಟು ಹಿಡಿದು ಎದ್ದ. ಅವಳ ಹಾಗೆಯೇ ಓಣಿಗೆ ಮುಖ ಮಾಡಿ ನಿಂತು, ಮೂರು ಮನೆಗೆ ಕೇಳುವಂತೆ ಕೂಗಿದ:

"ನನ್ನ ಹೇಣ್ತಿ ಹೇಳಿದ್ದಳ್ರಪ್ಪೋ! ಹುಳ ಮುಟ್ಟೈತಿ ಅಂತ ಹೇಳಿದ್ದಳು!"